ಮುನ್ನೂರು ಪಾಯಿಂಟಿನ ಒಳಗೆ ಬರುವ ಪಾಡು

ಕ್ರಾಸ್‌ಕಂಟ್ರಿ ಸ್ಕೀಯಿಂಗಿನಲ್ಲಿ, ಅಂದರೆ ಹಿಮದ ಮೇಲೆ ಏರು ಇಳಿವು ಸಪಾಟು ಎಲ್ಲಾ ದಾಟಿ ಕಿಲೋಮೀಟರುಗಟ್ಟಲೆ ಸ್ಕೀ ಮಾಡುವ ಆಟದಲ್ಲಿ, ಒಲಿಂಪಿಕ್ಸ್‌ಗೆ ಹೋಗುವುದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಒಂದೇ ಮಾತು. ಸ್ಕೀ ಕಲಿಯುವುದರ ಜೊತೆಗೆ ಲೆಕ್ಕಾನೂ ಕಲಿಯಿರಿ. ತಮಾಷೆಗೆ ಹೇಳುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಆದರೆ 2016ರ ಬೇಸಿಗೆಯಿಂದ 2018ರ ಜನವರಿವರೆಗೆ ನಾನು ಸ್ಕೀ ಮೇಲೆ ಎಷ್ಟು ಹೊತ್ತು ನಿಂತಿದ್ದೆನೋ, ಹೆಚ್ಚುಕಮ್ಮಿ ಅಷ್ಟೇ ಹೊತ್ತು ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದೆ.

ನಮ್ಮದು ಈ ಆಟದಲ್ಲಿ ಹೆಸರಿಲ್ಲದ ದೇಶ. ತಂಡ ಅಂದರೆ ನಾನು, ನನ್ನ ಜೊತೆಗಾರ, ಮತ್ತು ಒಬ್ಬ ಕೋಚ್. ಸ್ಕೀ ತಳಕ್ಕೆ ವ್ಯಾಕ್ಸ್, ಅಂದರೆ ಮೇಣ, ಹಚ್ಚುವುದು, ವ್ಯಾನ್ ಓಡಿಸುವುದು, ಫಾರಂ ತುಂಬುವುದು, ಬೈಯುವುದು ಎಲ್ಲಾ ಅವರೇ. ಗುರಿ ಎರಡು ಇತ್ತು. 2017ರ ಫೆಬ್ರವರಿಯಲ್ಲಿ ಫಿನ್‌ಲ್ಯಾಂಡಿನ ಲಾಹ್ತಿಯಲ್ಲಿ ನಡೆಯುವ ವಿಶ್ವ ಚಾಂಪಿಯನ್‌ಶಿಪ್, ಆಮೇಲೆ 2018ರ ಪ್ಯೋಂಗ್‌ಚಾಂಗ್ ಒಲಿಂಪಿಕ್ಸ್. ಎರಡಕ್ಕೂ ದಾರಿ ಬೇರೆ ಬೇರೆ.

ಕಾಗದಪತ್ರದ ಕಥೆ ಬೇಗ ಮುಗಿಸುತ್ತೇನೆ. ಯಾವ ಸ್ಕೀಯರೂ ತನ್ನ ಹೆಸರನ್ನು ತಾನೇ ಕೊಟ್ಟು ಅಂತರರಾಷ್ಟ್ರೀಯ ರೇಸಿಗೆ ಇಳಿಯುವ ಹಾಗಿಲ್ಲ. ನಿಮ್ಮ ದೇಶದ ಸ್ಕೀ ಒಕ್ಕೂಟ ನಿಮ್ಮನ್ನು ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದಲ್ಲಿ, ಅಂದರೆ ಫಿಸ್‌ನಲ್ಲಿ, ನೋಂದಾಯಿಸಬೇಕು. ಅಥ್ಲೀಟ್ ಘೋಷಣೆಗೆ ನೀವು ಸಹಿ ಹಾಕಬೇಕು. ಆಗ ಒಂದು ಫಿಸ್ ಕೋಡ್ ಬರುತ್ತದೆ. ಆಮೇಲೆ ಪ್ರತಿ ರೇಸಿಗೂ ಹೆಸರು ಕಳಿಸುವುದು ಒಕ್ಕೂಟವೇ. ಆ ರೇಸು ಫಿಸ್ ಕ್ಯಾಲೆಂಡರಿನಲ್ಲಿ ಇರಬೇಕು. ಇಲ್ಲದಿದ್ದರೆ ನೀವು ಅಲ್ಲಿ ಗೆದ್ದರೂ ಫಿಸ್‌ನ ಪಾಯಿಂಟ್ ಪಟ್ಟಿಯಲ್ಲಿ ಏನೂ ಕಾಣುವುದಿಲ್ಲ.

ಇನ್ನು ಪಾಯಿಂಟ್. ಇಲ್ಲಿ ಎಲ್ಲಾ ಉಲ್ಟಾ. ಪಾಯಿಂಟ್ ಕಮ್ಮಿ ಇದ್ದಷ್ಟೂ ಒಳ್ಳೆಯದು. ಜಗತ್ತಿನ ಅತಿ ಒಳ್ಳೆಯ ಸ್ಕೀಯರ್ ಸೊನ್ನೆಯ ಹತ್ತಿರ ಇರುತ್ತಾನೆ, ನಮ್ಮಂಥವರು ಇನ್ನೂರು ಮುನ್ನೂರರಲ್ಲಿ ಒದ್ದಾಡುತ್ತಿರುತ್ತೇವೆ. ಪ್ಯೋಂಗ್‌ಚಾಂಗ್‌ಗೆ ಸಣ್ಣ ದೇಶಗಳಿಗೆ ಇಟ್ಟಿದ್ದ ಗೆರೆ 300. ಐದು ರೇಸುಗಳ ಸರಾಸರಿ ಅದರೊಳಗೆ ಬರಬೇಕು. ಬಂದರೆ ಆ ದೇಶದಿಂದ ಒಬ್ಬ ಗಂಡಸು, ಒಬ್ಬ ಹೆಂಗಸು ಹೋಗಬಹುದು. ಅದೂ ಎಲ್ಲಾ ಸ್ಪರ್ಧೆಗೂ ಅಲ್ಲ. ಗಂಡಸರಿಗೆ 15 ಕಿಲೋಮೀಟರ್, ಹೆಂಗಸರಿಗೆ 10 ಕಿಲೋಮೀಟರ್. ಇದಕ್ಕೆ ಬೇಸಿಕ್ ಕೋಟಾ ಅನ್ನುತ್ತಾರೆ.

ಪಾಯಿಂಟ್ ಹೇಗೆ ಬರುತ್ತದೆ ಅಂತ ಕೋಚ್ ನಮಗೆ ಮೊದಲ ಸಲ ಹೇಳಿದ್ದು ವ್ಯಾಕ್ಸ್ ಟೇಬಲ್ಲಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು. ಗೆದ್ದವನ ಸಮಯಕ್ಕಿಂತ ನೀವು ಎಷ್ಟು ಪಾಲು ಹಿಂದೆ ಇದ್ದೀರಿ ಅಂತ ನೋಡಬೇಕು. ಅದನ್ನು ಒಂದು ಅಂಕಿಯಿಂದ ಗುಣಿಸಬೇಕು. ಒಬ್ಬೊಬ್ಬರನ್ನೇ ಬಿಡುವ ಇಂಟರ್ವಲ್ ಸ್ಟಾರ್ಟ್ ರೇಸಾದರೆ ಆ ಅಂಕಿ 800. ಚಿಕ್ಕ ದೂರದ ಸ್ಪ್ರಿಂಟ್ ಆದರೆ 1200. ಎಲ್ಲರೂ ಒಟ್ಟಿಗೆ ಹೊರಡುವ ಮಾಸ್ ಸ್ಟಾರ್ಟ್ ಆದರೆ 1400. ಉದಾಹರಣೆಗೆ, 10 ಕಿಲೋಮೀಟರ್ ಇಂಟರ್ವಲ್ ಸ್ಟಾರ್ಟಿನಲ್ಲಿ ಗೆದ್ದವನದು 25 ನಿಮಿಷ, ನನ್ನದು 30 ನಿಮಿಷ ಅಂತಿಟ್ಟುಕೊಳ್ಳಿ. ನಾನು ಐದನೇ ಒಂದು ಪಾಲು ಹಿಂದೆ. 800ರಲ್ಲಿ ಐದನೇ ಒಂದು ಪಾಲು ಅಂದರೆ 160.

ಅಷ್ಟಕ್ಕೇ ಮುಗಿಯುವುದಿಲ್ಲ. ಅದರ ಮೇಲೆ ರೇಸಿನ ಪೆನಾಲ್ಟಿ ಸೇರುತ್ತದೆ. ಹೆಸರು ಕೇಳಿ ಶಿಕ್ಷೆ ಅಂದುಕೊಳ್ಳಬೇಡಿ. ಆ ರೇಸಿಗೆ ಬಂದವರು ಎಷ್ಟು ಗಟ್ಟಿ ಅಂತ ಅಳೆಯುವುದು ಅದು. ಮೊದಲ ಐದು ಸ್ಥಾನದಲ್ಲಿ ಬಂದವರಲ್ಲಿ ಯಾರ ಪಟ್ಟಿ ಪಾಯಿಂಟ್ ಅತಿ ಕಮ್ಮಿಯೋ ಆ ಮೂವರದ್ದನ್ನು ಕೂಡಿಸಿ 3.75ರಿಂದ ಭಾಗಿಸುತ್ತಾರೆ. ಆ ಮೂವರದು 60, 70, 80 ಆಗಿದ್ದರೆ ಮೊತ್ತ 210, ಪೆನಾಲ್ಟಿ 56. ನನ್ನ 160ಕ್ಕೆ 56 ಸೇರಿ 216. ಮುನ್ನೂರರ ಒಳಗೆ, ಆರಾಮ.

ಅದೇ ಐದು ನಿಮಿಷದ ಅಂತರ ಮಾಸ್ ಸ್ಟಾರ್ಟಿನಲ್ಲಿ ಬಂದಿದ್ದರೆ? 1400ರಲ್ಲಿ ಐದನೇ ಒಂದು ಪಾಲು 280. ಪೆನಾಲ್ಟಿ ಸೇರಿ 336. ಕೆಲಸ ಕೆಟ್ಟಿತು. ಮಾಸ್ ಸ್ಟಾರ್ಟಿನಲ್ಲಿ ಜನ ಒಬ್ಬರ ಬೆನ್ನ ಹಿಂದೆ ಒಬ್ಬರು ಗಾಳಿ ತಪ್ಪಿಸಿಕೊಂಡು ಗುಂಪಾಗಿ ಹೋಗುತ್ತಾರೆ. ಅಂತರ ತಾನಾಗಿ ಚಿಕ್ಕದಾಗುತ್ತದೆ, ಹಾಗಾಗಿ ಅಂಕಿ ದೊಡ್ಡದು. ಗುಂಪಿನ ಜೊತೆ ಇರಬಲ್ಲವರಿಗೆ ಇದು ಸರಿಯಾದ ಲೆಕ್ಕ. ಮೊದಲ ಏರಿನಲ್ಲೇ ಗುಂಪು ಕೈಬಿಟ್ಟುಹೋಗುವ ನಮ್ಮಂಥವರಿಗೆ ಗಾಳಿಯೂ ಪೂರ್ತಿ, ಅಂಕಿಯೂ ಪೂರ್ತಿ. ಅವತ್ತಿನಿಂದ ನಮ್ಮ ವ್ಯಾನಿನಲ್ಲಿ ಮಾಸ್ ಸ್ಟಾರ್ಟ್ ಅನ್ನುವ ಮಾತೇ ಇಲ್ಲ.

ಆಮೇಲೆ ರೇಸು ಹುಡುಕುವ ಕೆಲಸ ಶುರುವಾಯಿತು. ಇದು ತರಬೇತಿಗಿಂತ ಜಾಸ್ತಿ ತಲೆ ತಿನ್ನುವ ಕೆಲಸ. ದೊಡ್ಡ ಸ್ಕೀಯರುಗಳು ಬರುವ ರೇಸಿನಲ್ಲಿ ಪೆನಾಲ್ಟಿ ಕಮ್ಮಿ, ಆದರೆ ಅವರು ನಮ್ಮನ್ನು ಎಲ್ಲೋ ಹಿಂದೆ ಬಿಟ್ಟು ಹೋಗುತ್ತಾರೆ. ಸಣ್ಣ ರೇಸಿನಲ್ಲಿ ಅಂತರ ಕಮ್ಮಿ, ಪೆನಾಲ್ಟಿ ಜಾಸ್ತಿ. ಎರಡೂ ಸಮ ಆಗಬೇಕು ಅನ್ನುವುದು ಲೆಕ್ಕ ಮಾಡಿದವರ ಉದ್ದೇಶ. ಆದರೆ ಪೂರ್ತಿ ಸಮ ಆಗುವುದಿಲ್ಲ. ಮೂವರ ಮೊತ್ತವನ್ನು ಮೂರರಿಂದಲ್ಲ, 3.75ರಿಂದ ಭಾಗಿಸುತ್ತಾರಲ್ಲ, ಅದರಿಂದ ಪೆನಾಲ್ಟಿ ಅವರ ಸರಾಸರಿಗಿಂತ ಐದನೇ ಒಂದು ಪಾಲು ಕಮ್ಮಿ ಬರುತ್ತದೆ. ಪಟ್ಟಿಯಲ್ಲಿ 70ರ ಆಸುಪಾಸಿನವರು ಮೂರು ಜನ ಬಂದರೆ ಪೆನಾಲ್ಟಿ 56ರ ಹತ್ತಿರ. ಅವರು ಅವತ್ತು ಸಾಧಾರಣವಾಗಿ ಸ್ಕೀ ಮಾಡಿದರೂ ಹಿಂದೆ ಬಂದ ನಮಗೆ ಸ್ವಲ್ಪ ಲಾಭ. ತೀರಾ ಗಟ್ಟಿ ರೇಸೂ ಬೇಡ, ತೀರಾ ಸಪ್ಪೆ ರೇಸೂ ಬೇಡ.

ಬಾಲ್ಕನ್ ಕಪ್, ಸ್ಲಾವಿಕ್ ಕಪ್ ಥರದ ಸರಣಿಗಳು ಸಣ್ಣ ದೇಶದವರಿಗೆ ತವರುಮನೆ ಇದ್ದ ಹಾಗೆ. ಅಲ್ಲಿ ಹೋದರೆ ಎಲ್ಲರೂ ಅದೇ ಲೆಕ್ಕ ಹಾಕಿಕೊಂಡು ಬಂದವರೇ. ಹಿಂದಿನ ಸಂಜೆ ಕೋಚ್‌ಗಳ ಮೀಟಿಂಗಿನಲ್ಲಿ ಸ್ಟಾರ್ಟ್ ಲಿಸ್ಟ್ ಕೊಟ್ಟ ಕೂಡಲೇ ಹಿಂದಿನ ಸಾಲಿನಲ್ಲಿ ಮೊಬೈಲುಗಳು ಹೊರಬರುತ್ತಿದ್ದವು. ಎಲ್ಲರೂ ಪೆನಾಲ್ಟಿ ಎಷ್ಟು ಬರಬಹುದು ಅಂತ ಗುಣಿಸುತ್ತಿದ್ದರು. ಒಮ್ಮೆ ಪಟ್ಟಿಯಲ್ಲಿ ಅತಿ ಒಳ್ಳೆಯ ಪಾಯಿಂಟ್ ಇದ್ದವನು ಗಂಟಲು ನೋವು ಅಂತ ಬೆಳಿಗ್ಗೆ ಓಡಲೇ ಇಲ್ಲ. ಅವನಿಗೆ ಹುಷಾರಿಲ್ಲ ಅಂತ ಅರ್ಧ ಪಾರ್ಕಿಂಗ್ ಜಾಗವೇ ಮುಖ ಸಣ್ಣ ಮಾಡಿಕೊಂಡಿತ್ತು. ಪ್ರೀತಿಯಿಂದ ಅಲ್ಲ, ಪೆನಾಲ್ಟಿ ಏರುತ್ತಲ್ಲ ಅಂತ.

ಟ್ರ್ಯಾಕ್ ಎಂಥದ್ದು ಅನ್ನುವುದೂ ಮುಖ್ಯ. ಉದ್ದನೆಯ ಏರು ಜಾಸ್ತಿ ಇದ್ದಲ್ಲಿ ನಮಗೂ ಗೆಲ್ಲುವವರಿಗೂ ಅಂತರ ಅಗಲವಾಗುತ್ತಾ ಹೋಗುತ್ತದೆ. ಸಪಾಟಾದ ಲೂಪ್ ಸಿಕ್ಕರೆ ಬದುಕಿದೆವು. ಎರಡೂ ಸ್ಕೀ ನೇರವಾಗಿಟ್ಟು ಹೋಗುವ ಕ್ಲಾಸಿಕ್ ಶೈಲಿಯ ರೇಸಿನಲ್ಲಿ ಹಿಮ ಸೊನ್ನೆ ಡಿಗ್ರಿ ಹತ್ತಿರ ಇದ್ದರೆ, ಸ್ಕೀ ಹಿಂದಕ್ಕೆ ಜಾರದ ಹಾಗೆ ಹಚ್ಚುವ ಕಿಕ್ ವ್ಯಾಕ್ಸ್ ಹಿಡಿಯುತ್ತೋ ಇಲ್ಲವೋ ದೇವರಿಗೇ ಗೊತ್ತು. ದೊಡ್ಡ ತಂಡಗಳು ಟ್ರಕ್ ತುಂಬಾ ಸ್ಕೀ, ಆರೇಳು ಜನ ವ್ಯಾಕ್ಸ್ ಟೆಕ್ನಿಷಿಯನ್ ಜೊತೆ ಬರುತ್ತವೆ. ನಮ್ಮ ಕೋಚ್ ಎರಡು ಜೊತೆ ಸ್ಕೀ ಪರೀಕ್ಷೆ ಮಾಡಿ, "ಇದು ಜಾರುತ್ತೆ, ಅದು ಹಿಡಿಯುತ್ತೆ. ಯಾವುದು ಬೇಕು, ನೀನೇ ಹೇಳು" ಅಂತ ನನ್ನ ಕೈಗೆ ಕೊಡುತ್ತಿದ್ದರು. ಹಾಗಾಗಿ ನಾವು ಸಾಧ್ಯವಾದಷ್ಟೂ ಫ್ರೀಸ್ಟೈಲ್ ರೇಸುಗಳನ್ನೇ ಆರಿಸಿಕೊಂಡೆವು. ಅದರಲ್ಲಿ ಸ್ಕೇಟಿಂಗ್ ಥರ ಅಕ್ಕಪಕ್ಕಕ್ಕೆ ತಳ್ಳುತ್ತಾ ಹೋಗುವುದು, ಕಿಕ್ ವ್ಯಾಕ್ಸ್ ಬೇಕಿಲ್ಲ.

ಹಿಮವೇ ಇಲ್ಲದ ದೇಶಗಳಿಗೆ ಇನ್ನೊಂದು ದಾರಿ ರೋಲರ್ ಸ್ಕೀ. ಟಾರ್ ರಸ್ತೆಯ ಮೇಲೆ ಚಕ್ರದ ಸ್ಕೀ ಕಟ್ಟಿಕೊಂಡು ಓಡುವ ಫಿಸ್ ರೇಸುಗಳು. ಪ್ಯೋಂಗ್‌ಚಾಂಗ್‌ನ ಅರ್ಹತೆಗೆ ಅವೂ ಲೆಕ್ಕಕ್ಕೆ ಬರುತ್ತಿದ್ದವು. ರಿಯೋ 2016ರಲ್ಲಿ ಟೇಕ್ವಾಂಡೋ ಆಡಿದ್ದ, ಮೈಗೆ ಎಣ್ಣೆ ಹಚ್ಚಿಕೊಂಡು ಧ್ವಜ ಹಿಡಿದು ಬಂದ ಟೋಂಗಾದ ಪೀಟಾ ತೌಫತೊಫುವಾ ನೆನಪಿದ್ದಾರಾ? ಅವರು ಮೊದಲು ಪಾಯಿಂಟ್ ಸೇರಿಸಿದ್ದು ರೋಲರ್ ಸ್ಕೀ ರೇಸುಗಳಲ್ಲಿ. ಆದರೆ ಹಿಮದ ಮೇಲೂ ಒಂದು ಫಲಿತಾಂಶ ಬೇಕಿತ್ತು. ಕೊನೆಗೆ ಅರ್ಹತೆಯ ಗಡುವು ಮುಗಿಯುವ ಹೊತ್ತಿಗೆ ಐಸ್‌ಲ್ಯಾಂಡಿನ ಇಸಾಫ್ಯೋರ್ದೂರ್ ಅನ್ನುವ ಊರಿನಲ್ಲಿ ಅದು ಸಿಕ್ಕಿತು. ಮೆಕ್ಸಿಕೋದ ಹೆರ್ಮಾನ್ ಮದ್ರಾಸೊ ಕೂಡ ಅಲ್ಲೇ ಇದ್ದರು. ಟಿವಿಯಲ್ಲಿ ನೋಡಿದವರಿಗೆ ಇದು ಮೋಜಿನ ಸುದ್ದಿ. ಪೆನ್ಸಿಲ್ ಹಿಡಿದು ಕೂತ ನಮಗೆ ಅದು ಬಹಳ ಚೆನ್ನಾಗಿ ಅರ್ಥವಾಗುವ ಹತಾಶೆ.

ಲಾಹ್ತಿಯ ದಾರಿ ಸುಲಭ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಂದು ಸ್ಪರ್ಧೆಗೆ ಒಂದು ದೇಶದಿಂದ ನಾಲ್ಕು ಜನ ಇಳಿಯಬಹುದು. ಹಿಂದಿನ ಸಲ ಗೆದ್ದವನಿದ್ದರೆ ಅವನು ಆ ನಾಲ್ವರ ಮೇಲೆ ಇನ್ನೊಬ್ಬ. ಹಾಗಾಗಿ ನಾವಿಬ್ಬರೂ ಹೋದೆವು, ಜಗಳವೇ ಇಲ್ಲ. ಆದರೆ ಪಾಯಿಂಟ್ ಜಾಸ್ತಿ ಇರುವವರನ್ನು ನೇರವಾಗಿ 15 ಕಿಲೋಮೀಟರಿಗೆ ಬಿಡುವುದಿಲ್ಲ. ಮೊದಲ ದಿನವೇ ಅರ್ಹತಾ ರೇಸ್. ಗಂಡಸರಿಗೆ 10 ಕಿಲೋಮೀಟರ್, ಹೆಂಗಸರಿಗೆ 5. ಅದರಲ್ಲಿ ಮೊದಲ ಹತ್ತರೊಳಗೆ ಬಂದವರು ಮುಂದಕ್ಕೆ, ಉಳಿದವರು ಗ್ಯಾಲರಿಗೆ.

ಅವತ್ತು ಸ್ಟಾರ್ಟ್ ಗೇಟಿನ ಹಿಂದೆ ನಿಂತವರನ್ನು ನೋಡಿದರೆ ಅರ್ಧ ಭೂಗೋಳ ಅಲ್ಲೇ ಇತ್ತು. ಅದಕ್ಕೂ ಮೊದಲು ಹಿಮದ ಮೇಲೆ ಸ್ಕೀ ಮಾಡಿಯೇ ಇರದ ವೆನೆಜುವೆಲಾದ ಆದ್ರಿಯಾನ್ ಸೊಲಾನೊ ಬಿದ್ದು ಎದ್ದು ಹೋದದ್ದು ಇದೇ ರೇಸಿನಲ್ಲಿ. ಜನ ನಕ್ಕರು, ವಿಡಿಯೋ ಊರೆಲ್ಲಾ ಓಡಾಡಿತು. ಅರ್ಹತಾ ರೇಸ್ ಇರುವುದೇ ಇದಕ್ಕೆ ಅಲ್ವಾ? ಬಾಗಿಲು ತೆರೆದಿರಬೇಕು, ಮುಖ್ಯ ರೇಸಿನ ದಾರಿಯೂ ಸುಗಮವಾಗಿರಬೇಕು. ನನಗೆ ಇದು ಒಲಿಂಪಿಕ್ಸ್‌ನ ಕೋಟಾಕ್ಕಿಂತ ಪ್ರಾಮಾಣಿಕ ಪದ್ಧತಿ ಅನ್ನಿಸುತ್ತದೆ. ಇಲ್ಲಿ ಕ್ಯಾಲ್ಕುಲೇಟರ್ ಕೆಲಸಕ್ಕೆ ಬರುವುದಿಲ್ಲ. ಅದೇ ಟ್ರ್ಯಾಕ್, ಅದೇ ಬೆಳಿಗ್ಗೆ, ಹತ್ತು ಜಾಗ.

ನಾವಿಬ್ಬರೂ ಹತ್ತರೊಳಗೆ ಬರಲಿಲ್ಲ. ಮರುದಿನ ಸ್ಪ್ರಿಂಟ್ ಇತ್ತು. ಅದರ ಮೊದಲ ಸುತ್ತಿನಲ್ಲಿ ಎಲ್ಲರೂ ಓಡುತ್ತಾರೆ, 30 ಜನ ಕ್ವಾರ್ಟರ್‌ಫೈನಲ್‌ಗೆ ಹೋಗುತ್ತಾರೆ. ನಾವು ಓಡಿದೆವು, ನಮ್ಮ ಹೆಸರು ಬೋರ್ಡಿನ ಎರಡನೇ ಪುಟದಲ್ಲಿ ಎಲ್ಲೋ ಬಂತು. ಆಮೇಲೆ ಉಳಿದ ದಿನಗಳು ಬೇಲಿ ಪಕ್ಕ ನಿಂತು ನಾರ್ವೆಯವರು ಏರು ಹತ್ತುವುದನ್ನು ನೋಡಿದ್ದೇ ನೋಡಿದ್ದು.

ನಿಜವಾದ ಕಷ್ಟ ಶುರುವಾದದ್ದು 2017ರ ಡಿಸೆಂಬರ್‌ನಲ್ಲಿ. ಅಷ್ಟು ಹೊತ್ತಿಗೆ ನಮ್ಮಿಬ್ಬರ ಸರಾಸರಿಯೂ ಮುನ್ನೂರರ ಒಳಗೆ ಬಂದಿತ್ತು. ಖುಷಿಪಡಬೇಕಾದ ವಿಷಯ. ಆದರೆ ಜಾಗ ಒಂದೇ. ಪಾಯಿಂಟ್ ಸ್ಕೀಯರಿನದು, ಜಾಗ ಮಾತ್ರ ದೇಶದ್ದು. ಆ ಜಾಗಕ್ಕೆ ಯಾರನ್ನು ಕಳಿಸಬೇಕು ಅನ್ನುವುದರಲ್ಲಿ ಫಿಸ್ ತಲೆ ಹಾಕುವುದಿಲ್ಲ. ಅದು ದೇಶದ ಒಕ್ಕೂಟ ಮತ್ತು ಒಲಿಂಪಿಕ್ ಸಮಿತಿಯ ಮನೆಯೊಳಗಿನ ವಿಚಾರ. ಕೆಲವು ದೇಶಗಳು ಫಿಸ್ ಗೆರೆಗಿಂತ ಎಷ್ಟೋ ಬಿಗಿಯಾದ ತಮ್ಮದೇ ಗೆರೆ ಎಳೆಯುತ್ತವೆ. ಸ್ವೀಡನ್‌ನ ಒಲಿಂಪಿಕ್ ಸಮಿತಿ ಮೊದಲ ಎಂಟರೊಳಗೆ ಬರುವ ತಾಕತ್ತು ಇದೆಯಾ ಅಂತ ನೋಡುತ್ತದೆ. ನಮ್ಮ ಒಕ್ಕೂಟದ ನಿಯಮ ಒಂದೇ ಸಾಲಿನದು. ಗಡುವಿನ ದಿನ ಐದು ಒಳ್ಳೆಯ ರೇಸುಗಳ ಸರಾಸರಿ ಯಾರದು ಕಮ್ಮಿಯೋ ಅವರು ಹೋಗುತ್ತಾರೆ.

ಒಂದೇ ವ್ಯಾನು, ಒಂದೇ ರೂಮು, ಒಂದೇ ವ್ಯಾಕ್ಸ್ ಟೇಬಲ್, ಎದುರಾಳಿಯೂ ಅವನೇ. ಮಾತು ಕಮ್ಮಿಯಾಯಿತು ಅಂತ ಹೇಳಲಾರೆ. ಇಬ್ಬರೂ ಜಾಸ್ತಿಯೇ ಮಾತಾಡುತ್ತಿದ್ದೆವು, ಪಾಯಿಂಟ್ ಬಿಟ್ಟು ಬೇರೆ ಎಲ್ಲದರ ಬಗ್ಗೆ. ಜನವರಿ ಮೊದಲ ವಾರದಲ್ಲಿ ಅವನು ಒಂದು ಕಡೆ, ನಾನು ಇನ್ನೊಂದು ಕಡೆ ರೇಸು ಹುಡುಕುತ್ತಿರುವುದು ಕೋಚ್‌ಗೆ ಗೊತ್ತಾಯಿತು. ಇಬ್ಬರನ್ನೂ ಕೂರಿಸಿ ಹೇಳಿದರು:

"ಕೊನೆಯದಕ್ಕೆ ಇಬ್ಬರೂ ಒಂದೇ ರೇಸಿಗೆ ಬನ್ನಿ. ಆಮೇಲೆ ನಿನಗೆ ಪೆನಾಲ್ಟಿ ಕಮ್ಮಿ ಸಿಕ್ಕಿತು, ನನಗೆ ಏರು ಜಾಸ್ತಿ ಇತ್ತು ಅಂತ ಯಾರೂ ಕಥೆ ಹೇಳೋ ಹಾಗಿಲ್ಲ."

ಆ ಬೆಳಿಗ್ಗೆ ಚಳಿ ಎಷ್ಟಿತ್ತು ಅಂದರೆ ರೇಸೇ ನಡೆಯುವುದು ಅನುಮಾನ. ಟ್ರ್ಯಾಕಿನ ಅತಿ ತಣ್ಣನೆಯ ಜಾಗದಲ್ಲಿ ಮೈನಸ್ 20 ಡಿಗ್ರಿಗಿಂತ ಕೆಳಗೆ ಹೋದರೆ ರೇಸು ನಡೆಸುವ ಹಾಗಿಲ್ಲ. ಜ್ಯೂರಿಯವರು ಥರ್ಮಾಮೀಟರ್ ನೋಡುವುದು, ಸ್ಟಾರ್ಟ್ ಮುಂದಕ್ಕೆ ಹಾಕುವುದು, ಮತ್ತೆ ನೋಡುವುದು. ಗಡುವಿಗೆ ಮುಂಚೆ ನಮಗೆ ಸಿಗುವ ಕೊನೆಯ ರೇಸು ಅದು. ಹಾಗಾಗಿ ಸೂರ್ಯ ಬಂದರೆ ಸಾಕು ಅಂತ ಹಲವು ದೇಶದವರು ಗುಡ್ಡದ ಕಡೆಗೇ ಮುಖ ಮಾಡಿ ನಿಂತಿದ್ದರು. ಕೊನೆಗೂ ಬಿಟ್ಟರು. 10 ಕಿಲೋಮೀಟರ್, ಫ್ರೀಸ್ಟೈಲ್, 30 ಸೆಕೆಂಡಿಗೆ ಒಬ್ಬರು. ಅಷ್ಟು ಚಳಿಯಲ್ಲಿ ಹಿಮ ಮರಳಿನ ಥರ ಆಗುತ್ತದೆ, ಸ್ಕೀ ಜಾರುವುದೇ ಇಲ್ಲ. ಅವನು ನನಗಿಂತ ಮೊದಲು ಹೊರಟಿದ್ದ. ಎರಡನೇ ಲೂಪಿನಲ್ಲಿ ಅವನ ಬೆನ್ನು ಕಾಣಿಸಿತು, ಮೂರನೇ ಲೂಪಿನಲ್ಲಿ ದಾಟಿದೆ. ದಾಟುವಾಗ "ಹೋಗು ಹೋಗು" ಅಂದ. ಅವನು ಅಂಥವನೇ.

ರೇಸಿನಲ್ಲಿ ಅವನನ್ನು ಸೋಲಿಸಿದೆ. ಜಾಗ ಮಾತ್ರ ಅವನಿಗೇ ಹೋಯಿತು. ಹಿಂದಿನ ಮಾರ್ಚ್‌ನಲ್ಲಿ ಅವನು ಒಂದು ಸಪಾಟಾದ ಟ್ರ್ಯಾಕಿನಲ್ಲಿ ಬಹಳ ಒಳ್ಳೆಯ ಪಾಯಿಂಟ್ ಮಾಡಿದ್ದ. ಅದು ಇನ್ನೂ ಐದರ ಲೆಕ್ಕದಲ್ಲಿತ್ತು. ಸರಾಸರಿಯಲ್ಲಿ ನಾಲ್ಕು ಪಾಯಿಂಟ್‌ಗಿಂತ ಕಮ್ಮಿ ಅಂತರ. ಫಲಿತಾಂಶ ಬಂದು ಅರ್ಧ ಗಂಟೆಯೊಳಗೆ ಮೂವರಿಗೂ ಗೊತ್ತಾಗಿತ್ತು, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ವ್ಯಾನಿನಲ್ಲಿ ಕೋಚ್ ಹಿಂದಕ್ಕೆ ತಿರುಗಿ, "ನೀನು ರಿಸರ್ವ್. ಅವನಿಗೆ ಜ್ವರ ಬಂದರೆ ನೀನೇ" ಅಂದರು. ಅವನು ಕೆಮ್ಮುವ ನಾಟಕ ಮಾಡಿದ. ನಾನು ನಗಲಿಲ್ಲ. ಅವತ್ತು ನಗು ಬರುವ ಹಾಗಿರಲಿಲ್ಲ.

ಪ್ಯೋಂಗ್‌ಚಾಂಗ್‌ನ 15 ಕಿಲೋಮೀಟರನ್ನು ಟಿವಿಯಲ್ಲಿ ನೋಡಿದೆ. ಸ್ವಿಟ್ಜರ್ಲೆಂಡಿನ ಡಾರಿಯೋ ಕೊಲೊನ್ಯಾ 33 ನಿಮಿಷ 43.9 ಸೆಕೆಂಡಿನಲ್ಲಿ ಗೆದ್ದರು. ತೌಫತೊಫುವಾ 114ನೆಯವರು. ಕೊನೆಯವರು, 116ನೆಯವರು, ಮದ್ರಾಸೊ. ಕೊಲೊನ್ಯಾಗಿಂತ ಸುಮಾರು 26 ನಿಮಿಷ ತಡ. ಗೆದ್ದವರು ಅಲ್ಲಿವರೆಗೆ ಕಾದಿದ್ದು ಅವರ ಕೈ ಕುಲುಕಿದರು. ನನ್ನ ಜೊತೆಗಾರನೂ ಆ ಪಟ್ಟಿಯ ಕೆಳಗಿನ ಭಾಗದಲ್ಲಿದ್ದ, ಚೆನ್ನಾಗಿಯೇ ಓಡಿದ. ಅಭ್ಯಾಸಬಲ, ನಾನು ಸುಮ್ನೆ ಕೂರದೆ ಕೊನೆಯವರ ಪಾಯಿಂಟ್ ಲೆಕ್ಕ ಹಾಕಿದೆ. ಒಲಿಂಪಿಕ್ಸ್‌ನಲ್ಲಿ ಪೆನಾಲ್ಟಿ ಸೊನ್ನೆ. ಆದರೂ 600 ದಾಟಿತು. ಮುನ್ನೂರರ ಒಳಗಿದ್ದ ಸ್ಕೀಯರ್ ಒಲಿಂಪಿಕ್ಸ್ ಟ್ರ್ಯಾಕಿನಲ್ಲಿ ಆರುನೂರು! ಸಪಾಟು ಟ್ರ್ಯಾಕ್, ರೋಲರ್ ಸ್ಕೀ, ಹದವಾದ ಪೆನಾಲ್ಟಿ, ಇವನ್ನೆಲ್ಲ ಹುಡುಕಿ ಹುಡುಕಿ ಓಡಿದ ಪಾಯಿಂಟಿಗೂ ನಿಜವಾದ ಏರಿಗೂ ಎಷ್ಟು ವ್ಯತ್ಯಾಸ ಅಂತ ಅಲ್ಲಿ ಕಾಣುತ್ತದೆ. ನನ್ನ ಪಾಯಿಂಟಿಗೂ ಇದೇ ಮಾತು ಸಲ್ಲುತ್ತದೆ.

ಹಾಗಂತ ಈ ಕೋಟಾ ತೆಗೆಯಬೇಕು ಅನ್ನುವವರ ಜೊತೆ ನಾನಿಲ್ಲ. ಅವರು ಹೇಳುವುದು, ನಿಮ್ಮಂಥವರು ನಾರ್ವೆಯ ಒಳ್ಳೆಯ ಸ್ಕೀಯರಿನ ಜಾಗ ತಿಂದಿರಿ ಅಂತ. ಅದು ಸುಳ್ಳು. ಪ್ಯೋಂಗ್‌ಚಾಂಗ್‌ನಲ್ಲಿ ಒಂದು ದೇಶಕ್ಕೆ ಹೆಚ್ಚೆಂದರೆ 20 ಜನ, ಒಂದು ಸ್ಪರ್ಧೆಗೆ ಹೆಚ್ಚೆಂದರೆ ನಾಲ್ಕು ಜನ. ನಾವೆಲ್ಲ ಮನೆಯಲ್ಲೇ ಕೂತಿದ್ದರೂ ನಾರ್ವೆಯ ಐದನೆಯವನು ಆ 15 ಕಿಲೋಮೀಟರಿಗೆ ಇಳಿಯುವ ಹಾಗಿರಲಿಲ್ಲ. ಅವನ ಕಷ್ಟ ಬೇರೆ. ಜಗತ್ತಿನ ಮೊದಲ ಇಪ್ಪತ್ತರಲ್ಲಿದ್ದೂ ತನ್ನ ದೇಶದ ಮೊದಲ ನಾಲ್ಕರಲ್ಲಿ ಇಲ್ಲದಿರುವ ಕಷ್ಟ. ಅಲ್ಲಿ ಪಾಯಿಂಟಿಗೆ ಬೆಲೆಯೇ ಇಲ್ಲ. ವಿಶ್ವಕಪ್‌ನಲ್ಲಿ ಏನು ಮಾಡಿದ, ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಏನು ಮಾಡಿದ ಅಂತ ನೋಡಿ ಕೋಚ್‌ಗಳು ಕೂತು ಹೆಸರು ಬರೆಯುತ್ತಾರೆ.

ನಮ್ಮಿಂದ ನಿಜವಾಗಿ ಏಟು ಬೀಳುವುದು ನಡುವಿನ ದೇಶಗಳಿಗೆ. ಪ್ಯೋಂಗ್‌ಚಾಂಗ್‌ನ ಒಟ್ಟು 310 ಜಾಗದಲ್ಲಿ ಮೊದಲು ಬೇಸಿಕ್ ಕೋಟಾ ಹೋಗಿ, ಉಳಿದದ್ದನ್ನು ಫಲಿತಾಂಶದ ಮೇಲೆ ಹಂಚಿದರು. ದೇಶಕ್ಕೆ ಎರಡೋ ಮೂರೋ ಸಿಕ್ಕರೆ ಅಲ್ಲಿನ ನಾಲ್ಕನೆಯವನು ನಮಗಿಂತ ಎಷ್ಟೋ ಒಳ್ಳೆಯವನಾಗಿದ್ದರೂ ಹೊರಗೆ. ಅಂಥ ಒಬ್ಬನ ಜೊತೆ ಒಂದು ರೇಸಿನ ನಂತರ ಬಿಸಿ ಜ್ಯೂಸ್ ಕುಡಿಯುತ್ತಾ ಮಾತಾಡಿದ್ದೆ. "ನಿನ್ನ ಪಾಯಿಂಟ್ ಎಷ್ಟು?" ಅಂತ ಕೇಳಿದ. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಕ್ಕು, "ನಾನು ನಿಮ್ಮ ದೇಶದಲ್ಲಿ ಹುಟ್ಟಬೇಕಿತ್ತು" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಬಾಗಿಲು ತೆರೆದಿಡಬೇಕು ಅನ್ನುವುದು ಈಗಲೂ ನನ್ನ ಅಭಿಪ್ರಾಯ. ಲಾಹ್ತಿಯ ಥರ ಒಲಿಂಪಿಕ್ಸ್‌ಗೂ ಒಂದು ಅರ್ಹತಾ ರೇಸ್ ಇಟ್ಟರೆ ಅವನಿಗೂ ಮುಖ ಕೊಟ್ಟು ಮಾತಾಡಬಹುದು.

ಮುಂದಿನ ಋತುವಿಗೆ ಮುಂಚೆ ನಮ್ಮ ಒಕ್ಕೂಟ ಆಯ್ಕೆ ನಿಯಮ ಬದಲಾಯಿಸಿತು. ಕೇಳಿದ್ದು ನಾನೊಬ್ಬನೇ ಅಲ್ಲ, ನನ್ನ ಜೊತೆಗಾರನೂ ಅದೇ ಅರ್ಜಿಗೆ ಸಹಿ ಹಾಕಿದ. ಈಗ ಐದರ ಸರಾಸರಿ ಮಾತ್ರ ಅಲ್ಲ. ಮೊದಲೇ ಗೊತ್ತು ಮಾಡಿದ ಎರಡು ರೇಸುಗಳಲ್ಲಿ ಇಬ್ಬರೂ ಮುಖಾಮುಖಿ ಓಡಬೇಕು, ಅದಕ್ಕೂ ತೂಕ ಇದೆ. ಯಾವ ರೇಸು ಅಂತ ಆರಿಸುವುದು ಕೋಚ್. ನಾವು ಹಾಕಿದ ಷರತ್ತು ಒಂದೇ, ಎರಡೂ ಇಂಟರ್ವಲ್ ಸ್ಟಾರ್ಟ್ ಆಗಿರಬೇಕು.